ಆ ಸಂಖ್ಯೆಗೂ ವಯಸ್ಸಾಗುತ್ತದೆ

ನಮ್ಮ ಕುಟುಂಬದಲ್ಲಿ ಒಂದು ಸಂಖ್ಯೆ 2018ರಿಂದ ಹಾಗೇ ಕೂತಿದೆ. ನೂರಕ್ಕೆ 69. ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಹಿಮ್ಮಡಿಯ ಕಪ್ಪು ಕಲೆ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ಅಂತ ಗೊತ್ತಾದ ಮಳೆಗಾಲದಲ್ಲಿ ಮಂಗಳೂರಿನ ಡಾಕ್ಟರು ಹೇಳಿದ್ದು ಅದು. ಈ ಹಂತದಲ್ಲಿ ಪತ್ತೆಯಾದ ನೂರು ಜನರಲ್ಲಿ 69 ಮಂದಿ ಐದು ವರ್ಷದ ಕೊನೆಗೂ ಈ ಕಾಯಿಲೆಗೆ ಬಲಿಯಾಗದೆ ಉಳಿದಿರುತ್ತಾರೆ ಅಂತ ಅರ್ಥ. ಆ ಐದು ವರ್ಷ 2023ಕ್ಕೇ ಮುಗಿಯಿತು. ಅಪ್ಪಚ್ಚಿ ಇದ್ದಾರೆ. ದಿನಾ ತೋಟಕ್ಕೆ ಇಳಿಯುತ್ತಾರೆ, ಅಡಿಕೆ ಕೊಟ್ಟು ಬರಲಿಕ್ಕೆ ನಮ್ಮ ಕಾಸರಗೋಡು ಕಡೆಯ ಬದಿಯಡ್ಕಕ್ಕೆ ಹೋಗುತ್ತಾರೆ, ಮಧೂರಿನಲ್ಲಿ ಏನಾದರೂ ವಿಶೇಷ ಇದ್ದರೆ ಎಲ್ಲರಿಗಿಂತ ಮೊದಲು ಹೊರಡುತ್ತಾರೆ. ಆದರೂ ಮನೆಯಲ್ಲಿ ದೊಡ್ಡದೊಂದು ತೀರ್ಮಾನ ಆಗಬೇಕಾದಾಗ ಆ 69 ಎಲ್ಲಿಂದಲೋ ಎದ್ದು ಬರುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮಾತು ಮಾತ್ರ ಅದರ ಸುತ್ತ ತಿರುಗುತ್ತದೆ.

ಈಚೆಗೆ ಅಪ್ಪಚ್ಚಿ ಗುಡ್ಡೆಯ ಬುಡದ ಬೀಳುಬಿದ್ದ ಗದ್ದೆಯಲ್ಲಿ ಹೊಸದಾಗಿ ಅಡಿಕೆ ಹಾಕುವ ವಿಷಯ ಎತ್ತಿದರು. ತೋಟದ ಬೆಳೆಗಳ ಸಂಶೋಧನಾ ಕೇಂದ್ರವಾದ ಸಿಪಿಸಿಆರ್‌ಐಯ ಮಂಗಳ ತಳಿ ಹಾಕಿದರೆ ಊರಿನ ಗಿಡಕ್ಕಿಂತ ಬೇಗ ಫಸಲು ಬರುತ್ತದೆ ಅಂತ ಅವರ ಲೆಕ್ಕ. ಅಣ್ಣ ಒಂದು ಕ್ಷಣ ಸುಮ್ಮನಿದ್ದು, "ಈಗ ಹಾಕಿದರೆ ಫಸಲು ಬರುವಾಗ..." ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಚಿಕ್ಕಮ್ಮ ಎದ್ದು ಒಳಗೆ ಹೋದರು. ಅಣ್ಣನದ್ದು ಕೆಟ್ಟ ಮನಸ್ಸಲ್ಲ. ಅಪ್ಪಚ್ಚಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವವನು ಅವನೇ. ಆದರೆ ಅವನು ಹಿಡಿದುಕೊಂಡಿರುವುದು 2018ರ ಲೆಕ್ಕ. ಇದೇ ನನ್ನನ್ನು ಕೊರೆಯುತ್ತಿರುವ ವಿಷಯ. ರೋಗ ಪತ್ತೆಯಾದ ದಿನ ಹೇಳಿದ ಸಂಖ್ಯೆ ಆ ದಿನಕ್ಕೆ ಮಾತ್ರ ಸರಿ. ಬದುಕಿದ ಪ್ರತಿ ವರ್ಷವೂ ಅದನ್ನು ಬದಲಿಸುತ್ತದೆ. ಬದಲಾದ ಸಂಖ್ಯೆಯನ್ನು ಮಾತ್ರ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಹಿಮ್ಮಡಿಯ ಕಲೆ

ಮೆಲನೋಮ ಅಂದರೆ ಬಿಸಿಲಿಗೆ ಬರುವ ಕಾಯಿಲೆ, ಬಿಳಿ ಚರ್ಮದವರಿಗೆ ಬರುವಂಥದ್ದು ಅಂತ ನಾವೆಲ್ಲ ಓದಿರುತ್ತೇವೆ. ಅದು ಅರ್ಧ ಮಾತ್ರ ನಿಜ. ನಮ್ಮಂಥ ಕಪ್ಪು, ಕಂದು ಚರ್ಮದವರಿಗೆ ಮೆಲನೋಮ ಬರುವುದೇ ಅಪರೂಪ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಆದರೆ ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿ ಹೀಗೆ ಬಿಸಿಲು ತಾಗದ ಜಾಗದಲ್ಲೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಆಕ್ರಲ್ ಮೆಲನೋಮ ಅಂತ ಹೆಸರು. ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ ಬಂದದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವನಿಗೆ 36 ವರ್ಷ.

ತೋಟದಲ್ಲಿ ಕೆಲಸ ಮಾಡುವವರ ಹಿಮ್ಮಡಿ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಒಡಕು, ಕಲೆ, ಆಣಿ, ಹಳೆಯ ಮುಳ್ಳಿನ ಗುರುತು. ಅದರ ನಡುವೆ ಇನ್ನೊಂದು ಕಪ್ಪು ಕಲೆ ಯಾರ ಕಣ್ಣಿಗೆ ಬೀಳುತ್ತದೆ? ಅಪ್ಪಚ್ಚಿ ಅದನ್ನು ಆಣಿ ಅಂದುಕೊಂಡು ಬ್ಲೇಡಿನಿಂದ ಹೆರೆಯುತ್ತಿದ್ದರು. ಆಮೇಲೆ ಅರಸಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದರು. ಒಂದು ದಿನ ಅಂಗಳದಲ್ಲಿ ಅಡಿಕೆ ಹರಗುವಾಗ ಅವರು ನಡೆದ ಕಡೆಯೆಲ್ಲ ಸಣ್ಣ ಸಣ್ಣ ರಕ್ತದ ಗುರುತು ಬಿದ್ದದ್ದನ್ನು ಚಿಕ್ಕಮ್ಮ ನೋಡಿದರು. ಕಾಲು ಎತ್ತಿ ತೋರಿಸಿ ಅಂತ ಅಲ್ಲೇ ಕೂರಿಸಿದರು. ನಾನು ಆ ದಿನ ಅಲ್ಲಿದ್ದೆ. ಕಲೆ ಒಂದೇ ಬಣ್ಣದ್ದಾಗಿರಲಿಲ್ಲ. ನಡುವೆ ಇದ್ದಿಲ ಕಪ್ಪು, ಒಂದು ಬದಿ ಕಂದು, ಇನ್ನೊಂದು ಬದಿ ನೀಲಿ ಬೆರೆತ ಬೂದು. ಅಂಚು ಎಲ್ಲೆಲ್ಲೋ ಹರಿದ ಹಾಗೆ. ನಡುವಿನಲ್ಲಿ ಚರ್ಮ ಒಡೆದು ಹಸಿಯಾಗಿತ್ತು.

ಬಯಾಪ್ಸಿ ರಿಪೋರ್ಟಿನಲ್ಲಿ ಮೂರು ವಿಷಯ ಇತ್ತು. ಒಂದು, ಗಡ್ಡೆಯ ದಪ್ಪ: ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮೆಲನೋಮದಲ್ಲಿ ಅಗಲಕ್ಕಿಂತ ಆಳ ಮುಖ್ಯ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಅನ್ನುವ ಪೆಥಾಲಜಿಸ್ಟ್ 1970ರಲ್ಲಿ ಇದನ್ನು ತೋರಿಸಿಕೊಟ್ಟದ್ದರಿಂದ ಆ ಅಳತೆಗೆ ಇವತ್ತಿಗೂ ಅವನದ್ದೇ ಹೆಸರು. ಎರಡು, ಮೇಲಿನ ಚರ್ಮ ಒಡೆದು ಹುಣ್ಣಾಗಿದೆ. ಮೂರನೆಯದ್ದು ಆಪರೇಷನ್ ಆದ ಮೇಲೆ ಬಂತು. ತೊಡೆಸಂದಿನಿಂದ ತೆಗೆದ ದುಗ್ಧಗ್ರಂಥಿ ಒಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಕ್ಯಾನ್ಸರ್ ಕೋಶಗಳಿವೆ. ಮೂರನ್ನೂ ಕೂಡಿಸಿದರೆ ಸ್ಟೇಜ್ ಮೂರು ಸಿ. ಹಿಮ್ಮಡಿಯ ಆ ಭಾಗ ಕತ್ತರಿಸಿ ತೆಗೆದು ತೊಡೆಯ ಚರ್ಮ ತಂದು ಹೊಲಿದರು. ಹೊಸ ಔಷಧಗಳ ಬೆಲೆ ನಮ್ಮ ಕೈಗೆ ಎಟಕುವಂಥದ್ದಾಗಿರಲಿಲ್ಲ. ಆಪರೇಷನ್, ಆಮೇಲೆ ಕಾದು ನೋಡುವುದು, ಅಷ್ಟೇ ನಮ್ಮ ಚಿಕಿತ್ಸೆ.

ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಬಂತಾ ಅಂತ ಬಹಳ ಜನ ಕೇಳಿದರು. ನಮ್ಮ ಕಡೆ ಯಾರಿಗೆ ಏನೇ ಬಂದರೂ ಮೊದಲು ಬರುವ ಪ್ರಶ್ನೆ ಇದು. ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿ ಅದನ್ನು ಸಿಂಪಡಿಸಿದ್ದನ್ನು ಕಂಡ ಊರಿನವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಎಣ್ಮಕಜೆಯ ಮನೆಗಳಲ್ಲಿ ಏನಾಯಿತು ಅಂತ ನಾವು ಕಣ್ಣಾರೆ ಕಂಡವರು. ಆದರೆ ಇವರೊಬ್ಬರ ಹಿಮ್ಮಡಿಯ ಕಲೆಗೆ ಅದೇ ಕಾರಣ ಅಂತ ಹೇಳಲಿಕ್ಕೆ ಆಧಾರ ಇಲ್ಲ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಆ ಮಾತು ಅಲ್ಲಿಗೇ ಬಿಟ್ಟೆವು.

ಲಕೋಟೆಯ ಹಿಂಬದಿ

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಸಂಭವನೀಯತೆ ಕಲಿಸುವಾಗ ಮಕ್ಕಳಿಗೆ ಮೊದಲು ಹೇಳುವುದೇ ಇದು: ಒಂದು ವಿಷಯ ಹೊಸದಾಗಿ ಗೊತ್ತಾದ ಮೇಲೆ ಹಳೆಯ ಲೆಕ್ಕ ನಡೆಯುವುದಿಲ್ಲ. ಚೀಲದಿಂದ ಒಂದು ಗೋಲಿ ಹೊರಗೆ ಬಂತು ಅಂದರೆ ಉಳಿದ ಗೋಲಿಗಳ ಲೆಕ್ಕವನ್ನು ಮತ್ತೆ ಹಾಕಬೇಕು. ಅಪ್ಪಚ್ಚಿ ಐದು ವರ್ಷ ಬದುಕಿದ್ದಾರೆ ಅನ್ನುವುದು ಹೊಸದಾಗಿ ಗೊತ್ತಾದ ವಿಷಯ. ಇದಕ್ಕಿಂತ ದೊಡ್ಡ ವಿಷಯ ಬೇರೇನು ಬೇಕು?

2023ರ ತಪಾಸಣೆಗೆ ಹೋದಾಗ ಡಾಕ್ಟರು ಎಂದಿನಂತೆ ಅಂಗಾಲು ನೋಡಿದರು, ಬೆರಳುಗಳ ಸಂದು ಬಿಡಿಸಿ ನೋಡಿದರು, ತೊಡೆಸಂದನ್ನು ಒತ್ತಿ ನೋಡಿದರು, ಸ್ಕ್ಯಾನ್ ರಿಪೋರ್ಟಿನ ಮೇಲೆ ಕಣ್ಣಾಡಿಸಿ "ಕ್ಲಿಯರ್" ಅಂದರು. ಚೀಟಿಯಲ್ಲಿ ಮಾಮೂಲಿನಂತೆ ಸ್ಟೇಜ್ ಮೂರು ಸಿ ಅಂತಲೇ ಬರೆದರು. ಅದು ಬದಲಾಗುವುದಿಲ್ಲ. ಪತ್ತೆಯಾದ ದಿನದ ಸ್ಟೇಜ್ ಕೊನೆಯವರೆಗೂ ಕಡತದಲ್ಲಿ ಇರುತ್ತದೆ. ಎದ್ದು ಹೊರಡುವ ಮೊದಲು ನಾನು ಕೇಳಿದೆ: "ಡಾಕ್ಟ್ರೇ, ಆಗ 69 ಅಂದಿರಿ. ಈಗ ಇವತ್ತಿನಿಂದ ಶುರುಮಾಡಿದರೆ ಎಷ್ಟು?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಟೀಚರ್ ಅಲ್ವಾ ನೀವು" ಅಂದರು. ಮೇಜಿನ ಮೇಲಿದ್ದ ಸ್ಕ್ಯಾನಿನ ಲಕೋಟೆ ತಿರುಗಿಸಿ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು. ಎಡಗಡೆ ಮೇಲಿನಿಂದ ಶುರುವಾದ ಗೆರೆ ಮೊದಲು ಜೋರಾಗಿ ಇಳಿಯಿತು, ಆಮೇಲೆ ನಿಧಾನಕ್ಕೆ ಇಳಿಯಿತು, ಕೊನೆಗೆ ಹೆಚ್ಚುಕಡಿಮೆ ಮಟ್ಟಸವಾಗಿ ಹೋಯಿತು. ಐದು ವರ್ಷದ ಜಾಗದಲ್ಲಿ 69 ಅಂತ ಬರೆದರು. ಹತ್ತು ವರ್ಷದ ಜಾಗದಲ್ಲಿ 60. "ಮೊದಲ ಐದು ವರ್ಷದಲ್ಲಿ ನೂರರಲ್ಲಿ 31 ಹೋಯಿತು. ಆಮೇಲಿನ ಐದು ವರ್ಷದಲ್ಲಿ ಹೋಗುವುದು ಒಂಬತ್ತು. ಇವರು ಈಗ ಆ 69ರ ಒಳಗೆ ಇರುವವರು. 60ನ್ನು 69ರಿಂದ ಭಾಗಿಸಿ, ನೋಡುವ."

ಮನಸ್ಸಿನಲ್ಲೇ ಭಾಗಿಸಿದೆ. 87.

ಅಪ್ಪಚ್ಚಿ ಆವರೆಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. "ಎಂತ ಹೇಳಿದವು ಕೂಸೇ?" ಅಂತ ಕೇಳಿದರು. ಮುಂದಿನ ಐದು ವರ್ಷಕ್ಕೆ ನೂರಕ್ಕೆ 87 ಅಂತ ಹೇಳಿದೆ. ಅವರು ಲಕೋಟೆಯನ್ನು ಕೈಗೆ ತೆಗೆದುಕೊಂಡು ಆ ಗೆರೆಯನ್ನೇ ನೋಡಿದರು. "ಇದು ಎನಗೆ ಗೊಂತಿದ್ದು" ಅಂದರು. "ಸುರುವಾಣ ಎರಡು ಬೇಸಗೆ ದಾಂಟಿದ ಸೆಸಿ ಹಾಂಗೆಲ್ಲ ಸಾಯ್ತಿಲ್ಲೆ." ಡಾಕ್ಟರಿಗೆ ಅವರೇ ವಿವರಿಸಿದರು. ನೂರು ಅಡಿಕೆ ಸಸಿ ನೆಟ್ಟರೆ ಸಾಯುವಷ್ಟು ಮೊದಲ ಒಂದೆರಡು ಬೇಸಗೆಯಲ್ಲೇ ಸಾಯುತ್ತವೆ. ಪಡುವಣ ಬಿಸಿಲು ಬಡಿಯುತ್ತದೆ, ಮಡಲು ಕಟ್ಟಿ ನೆರಳು ಮಾಡಬೇಕು. ಬೇರು ಇಳಿದು ಗಂಟು ಬಿಟ್ಟ ಮೇಲೆ ಸಾಯುವುದು ಕಡಿಮೆ. ಸಾಯುವುದೇ ಇಲ್ಲ ಅಂತಲ್ಲ. ಯಾರಾದರೂ ತೋಟ ಕೊಳ್ಳಲಿಕ್ಕೆ ಬಂದರೆ ನೆಟ್ಟದ್ದೆಷ್ಟು ಅಂತ ಕೇಳುವುದಿಲ್ಲ, ಈಗ ನಿಂತದ್ದೆಷ್ಟು ಅಂತ ಕೇಳುತ್ತಾರೆ. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಹೊರಗೆ ಟೋಕನ್ ಹಿಡಿದು ಕಾಯುವವರು ತುಂಬ ಇದ್ದರು. ಆದರೂ ಕೇಳಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಪರೇಷನ್ ಮಾಡಿದ ದಿನಕ್ಕಿಂತಲೂ ಈ ದಿನ ಜಾಸ್ತಿ.

ಡಾಕ್ಟರು ಹೇಳಿದ 69, 60 ಎರಡೂ ಎಜೆಸಿಸಿ ಅನ್ನುವ ಅಮೆರಿಕದ ಸ್ಟೇಜಿಂಗ್ ಸಮಿತಿಯ ಎಂಟನೇ ಆವೃತ್ತಿಯಲ್ಲಿ ಇರುವವು. 2018ರಿಂದ ಬಳಕೆಯಲ್ಲಿದೆ. 46 ಸಾವಿರಕ್ಕೂ ಜಾಸ್ತಿ ರೋಗಿಗಳ ವಿವರ ಹಿಡಿದು ಮಾಡಿದ್ದು. ಮನೆಗೆ ಬಂದು ಉಳಿದ ಹಂತಗಳಿಗೂ ಇದೇ ಭಾಗಾಕಾರ ಮಾಡಿದೆ. ಮೂರು ಎ ಹಂತದಲ್ಲಿ ಐದು ವರ್ಷಕ್ಕೆ 93, ಹತ್ತು ವರ್ಷಕ್ಕೆ 88. ಐದು ದಾಟಿದವರಿಗೆ ಮುಂದಿನ ಐದಕ್ಕೆ ಸುಮಾರು 95. ಎರಡರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮೂರು ಡಿ ಅಂದರೆ ಮೂರನೇ ಹಂತದಲ್ಲೇ ತೀರಾ ಕೆಟ್ಟದ್ದು. ಅಲ್ಲಿ ಐದು ವರ್ಷಕ್ಕೆ 32, ಹತ್ತಕ್ಕೆ 24. ಅಂದರೆ ರೋಗ ಗೊತ್ತಾದ ದಿನ ನೂರಕ್ಕೆ 32 ಅಂತ ಕೇಳಿ ಕುಸಿದು ಕೂತವರು ಐದು ವರ್ಷ ದಾಟಿದರೆ, ಮುಂದಿನ ಐದು ವರ್ಷಕ್ಕೆ ಅವರ ಸಂಖ್ಯೆ 75! ಶುರುವಿನಲ್ಲಿ ಎ ಮತ್ತು ಡಿಗಳ ನಡುವೆ 61ರ ಅಂತರ. ಐದು ವರ್ಷ ಆದ ಮೇಲೆ ಅಂತರ ಇಪ್ಪತ್ತೇ. ಇನ್ನು ತೀರಾ ತೆಳುವಾಗಿರುವಾಗಲೇ ಸಿಕ್ಕಿದ ಒಂದು ಎ ಹಂತದಲ್ಲಿ ಐದಕ್ಕೆ 99, ಹತ್ತಕ್ಕೆ 98. ಅವರಿಗೆ ವರ್ಷ ಕಳೆದರೂ ಹೊಸದಾಗಿ ಸಿಗುವ ಸಮಾಧಾನ ಏನಿಲ್ಲ, ಶುರುವಿನಲ್ಲೇ ಎಲ್ಲ ಸಿಕ್ಕಿಬಿಟ್ಟಿದೆ. ಕಾಲದಿಂದ ಹೆಚ್ಚು ಲಾಭ ಆಗುವುದು ಶುರುವಿನಲ್ಲಿ ಹೆಚ್ಚು ಹೆದರಿಸಲ್ಪಟ್ಟವರಿಗೆ. ಇದನ್ನು ಅವರಿಗೇ ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ನುಂಗಲಾಗದ ವಿಷಯ.

ಇಲ್ಲೊಂದು ಸೂಕ್ಷ್ಮ ಇದೆ. ಸಂಖ್ಯೆ 69ರಿಂದ 87ಕ್ಕೆ ಏರಿದ್ದು ಅಪ್ಪಚ್ಚಿಯ ಮೈ ಗಟ್ಟಿಯಾಯಿತು ಅಂತಲ್ಲ. ಶುರುವಿನ ನೂರರಲ್ಲಿ ಎರಡು ಮೂರು ಬಗೆಯ ಜನ ಇದ್ದರು. ಕೆಲವರ ಮೈಯಲ್ಲಿ ಕಾಯಿಲೆ ಆಗಲೇ ಶ್ವಾಸಕೋಶಕ್ಕೋ ಲಿವರಿಗೋ ಮಿದುಳಿಗೋ ಹೋಗಿ ಕೂತಿತ್ತು, ಸ್ಕ್ಯಾನಿಗೆ ಕಾಣುವಷ್ಟು ದೊಡ್ಡದಾಗಿರಲಿಲ್ಲ. ಕೆಲವರದ್ದು ಆಪರೇಷನ್ನಿನಲ್ಲೇ ಪೂರ್ತಿ ಹೋಗಿತ್ತು. ಯಾರು ಯಾವ ಬಗೆ ಅಂತ ಆ ದಿನ ಯಾರಿಗೂ ಹೇಳಲಿಕ್ಕಾಗುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ 69 ಅಂತ ಒಂದೇ ಸಂಖ್ಯೆ. ಕಾಲ ಕಳೆದ ಹಾಗೆ ಯಾರದ್ದು ಯಾವುದು ಅಂತ ಗೊತ್ತಾಗುತ್ತಾ ಬರುತ್ತದೆ. ವೇಗದ ಕಾಯಿಲೆ ಮೊದಲ ಎರಡು ಮೂರು ವರ್ಷದಲ್ಲೇ ಮುಖ ತೋರಿಸುತ್ತದೆ. ತೋರಿಸಲಿಲ್ಲ ಅಂದರೆ ನೀವು ಮೊದಲಿನಿಂದಲೂ ಆ ಗುಂಪಿನವರಾಗಿರಲಿಲ್ಲ ಅನ್ನುವ ನಂಬಿಕೆ ಬಲವಾಗುತ್ತದೆ. ಗಡ್ಡೆಯ ದಪ್ಪದಂಥ ಶುರುವಿನ ಲಕ್ಷಣಗಳಿಗೆ ವರ್ಷ ಹೋದ ಹಾಗೆ ಬೆಲೆ ಕಡಿಮೆಯಾಗುವುದೂ ಇದೇ ಕಾರಣಕ್ಕೆ. ಮೂರು ಮಿಲಿಮೀಟರು ಅನ್ನುವ ಅಳತೆ 2018ರಲ್ಲಿ ಬಹಳ ಹೇಳುತ್ತಿತ್ತು. ಈಗ ಅಷ್ಟು ಹೇಳುವುದಿಲ್ಲ.

ಇದನ್ನು ಬರೆಯುವಾಗ ನಡುವೆ ಕಾಯಿಲೆ ಮರುಕಳಿಸಿದವರ ನೆನಪೂ ಆಗುತ್ತದೆ. ಬದುಕಿದ್ದಾರೆ ಅನ್ನುವುದು ಬೇರೆ, ಕಾಯಿಲೆ ಮತ್ತೆ ಕಾಣದೆ ಬದುಕಿದ್ದಾರೆ ಅನ್ನುವುದು ಬೇರೆ. ಎಜೆಸಿಸಿಯ 69ರಲ್ಲಿ ಎರಡೂ ಬಗೆಯವರು ಇದ್ದಾರೆ. ಒಮ್ಮೆಯೂ ಮರುಕಳಿಸದೆ ಐದು ವರ್ಷ ದಾಟಿದವರ ಸ್ಥಿತಿ ಆ 87ಕ್ಕಿಂತ ಚೆನ್ನಾಗಿರುತ್ತದೆ. ನಡುವೆ ಮರುಕಳಿಸಿದವರಿಗೆ ಲೆಕ್ಕ ಆ ದಿನದಿಂದ ಮತ್ತೆ ಶುರುವಾಗುತ್ತದೆ.

ದಾರಿ ಮುಚ್ಚಿದ ಮಾರ್ಚ್

ಈ ಎರಡು ಮೂರು ವರ್ಷ ಅನ್ನುವ ಮಾತು ನಮಗೆ ಬರೀ ಪುಸ್ತಕದ ಮಾತಲ್ಲ. ಅಪ್ಪಚ್ಚಿಯ ಎರಡನೇ ವರ್ಷ ಇನ್ನೂ ಮುಗಿದಿರಲಿಲ್ಲ, 2020ರ ಮಾರ್ಚ್ ಬಂತು. ಕೊರೋನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ನಮ್ಮ ಕಡೆಯವರಿಗೆ ಆಸ್ಪತ್ರೆ ಅಂದರೆ ಮಂಗಳೂರು. ಹೆರಿಗೆ, ಡಯಾಲಿಸಿಸ್, ಹೃದಯದ ತೊಂದರೆ, ಕ್ಯಾನ್ಸರ್, ಎಲ್ಲಕ್ಕೂ ಆ ದಾರಿಯೇ. ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟವರ ಸುದ್ದಿ ದಿನಾ ಬರುತ್ತಿತ್ತು. ಓದುವವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ. ಅಪ್ಪಚ್ಚಿಯ ಸ್ಕ್ಯಾನ್ ಇದ್ದದ್ದು ಏಪ್ರಿಲ್ ಮೊದಲ ವಾರ.

ಫೋನಿನಲ್ಲಿ ಡಾಕ್ಟರು ಸಿಕ್ಕಿದರು. ಮಾತಾಡಿದ್ದು ಚಿಕ್ಕಮ್ಮನ ಹತ್ತಿರ. ನಾನು ಪಕ್ಕದಲ್ಲಿ ಫೋನ್ ಹಿಡಿದು ನಿಂತಿದ್ದೆ. ಸ್ನಾನ ಆದ ಮೇಲೆ ಮಲಗಿಸಿ, ಮೂರು ಬೆರಳು ಚಪ್ಪಟೆಯಾಗಿ ಇಟ್ಟು ತೊಡೆಸಂದಿನಲ್ಲಿ ನಿಧಾನಕ್ಕೆ ಸುತ್ತು ತಿರುಗಿಸಿ. ಹೊಸ ಗಂಟು ಸಿಗುತ್ತಾ ನೋಡಿ. ಆಮೇಲೆ ಮೊಣಕಾಲಿನ ಹಿಂದುಗಡೆ. ಆಮೇಲೆ ಹೊಲಿಗೆಯ ಗುರುತಿನಿಂದ ಮೇಲಕ್ಕೆ, ಕಾಲಿನ ಉದ್ದಕ್ಕೂ, ಚರ್ಮದ ಅಡಿಯಲ್ಲಿ ಸಣ್ಣ ಕಪ್ಪು ಅಥವಾ ನೀಲಿ ಗುಳ್ಳೆ ಇದೆಯಾ ನೋಡಿ. ಪತ್ತೆಯಾದ ಕಾಲಿನಲ್ಲೇ ತೊಡೆಸಂದಿಗೆ ಹೋಗುವ ದಾರಿಯಲ್ಲಿ ಅದು ಏಳುವುದುಂಟು. ಮತ್ತೆ ಇನ್ನೊಂದು ಕಾಲಿನ ಅಂಗಾಲು, ಬೆರಳ ಸಂದು, ಎಲ್ಲ ಉಗುರು. ಚಿಕ್ಕಮ್ಮ ಹೈಸ್ಕೂಲು ಅರ್ಧಕ್ಕೆ ಬಿಟ್ಟವರು. ಕ್ಯಾಲೆಂಡರಿನ ಹಿಂದೆ ಎಲ್ಲವನ್ನೂ ಒಂದೊಂದಾಗಿ ಬರೆದುಕೊಂಡರು. ಇಂಥ ಮರುಕಳಿಕೆಗಳಲ್ಲಿ ಬಹಳಷ್ಟನ್ನು ಮೊದಲು ಕಂಡುಹಿಡಿಯುವುದು ಸ್ಕ್ಯಾನ್ ಅಲ್ಲ, ರೋಗಿ ಅಥವಾ ಮನೆಯವರ ಕೈ ಅಂತ ಡಾಕ್ಟರು ಅವರಿಗೆ ಹೇಳಿದ್ದರು. ಆ ಮಾತು ಅವರನ್ನು ಹಿಡಿದು ನಿಲ್ಲಿಸಿತು ಅಂತ ಕಾಣುತ್ತದೆ. ದಾರಿ ತೆರೆದು ಸ್ಕ್ಯಾನ್ ಆಗುವವರೆಗೂ ಆ ಮನೆಯಲ್ಲಿ ಧೈರ್ಯವಾಗಿದ್ದವರು ಅವರೊಬ್ಬರೇ.

ನನ್ನ 87ರ ಲೆಕ್ಕ ಹೇಳಿದಾಗ ಚಿಕ್ಕಮ್ಮ, "ಎನಗೆ ನಿನ್ನ ಲೆಕ್ಕ ಬೇಡ" ಅಂದರು. ಅವರಿಗೆ 69ರಿಂದಲೂ ಏನೂ ಆಗಿರಲಿಲ್ಲ, 87ರಿಂದಲೂ ಏನೂ ಆಗುವುದಿಲ್ಲ. ಎಲ್ಲರಿಗೂ ಸಂಖ್ಯೆ ಬೇಕು ಅಂತ ನಾನು ಹೇಳುವುದಿಲ್ಲ. ಬೇಡ ಅನ್ನುವವರಿಗೆ ತುರುಕಬಾರದು. ಆದರೆ ಶುರುವಿನ ಸಂಖ್ಯೆಯನ್ನು ಕೇಳಿಸಿಕೊಂಡು ಅದನ್ನೇ ಹೊತ್ತು ತಿರುಗುವವರಿಗೆ ಹೊಸದ್ದನ್ನು ಹೇಳದೆ ಇರುವುದು ಅನ್ಯಾಯ.

ಯಾರ ಲೆಕ್ಕ ಇದು?

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳಲೇಬೇಕು. ಆ 46 ಸಾವಿರ ಜನ ಅಮೆರಿಕ, ಯುರೋಪ್, ಆಸ್ಟ್ರೇಲಿಯಾದವರು. ಅವರಲ್ಲಿ ಹೆಚ್ಚಿನವರು ಬಿಳಿಯರು, ಅವರದ್ದು ಬಿಸಿಲಿನಿಂದ ಬಂದ ಮೆಲನೋಮ. ಅಂಗಾಲಿನ ಮೆಲನೋಮ ಗುಣದಲ್ಲೇ ಬೇರೆ. ಬಿಸಿಲು ಜೀನ್‌ಗಳ ಮೇಲೆ ಬಿಡುವ ಗುರುತು ಇದರಲ್ಲಿ ಕಾಣುವುದು ಕಡಿಮೆ. ತಡವಾಗಿ ಸಿಗುತ್ತದೆ, ಒಟ್ಟಿನಲ್ಲಿ ಫಲಿತಾಂಶವೂ ಅಷ್ಟು ಚೆನ್ನಾಗಿಲ್ಲ. 2018ರಲ್ಲೇ ಡಾಕ್ಟರು 69 ಅಂದವರು, "ಕಾಲಿನದ್ದಾದರೆ ಸ್ವಲ್ಪ ಕಡಿಮೆ ಅಂತಲೇ ಇಟ್ಟುಕೊಳ್ಳಿ" ಅಂತ ಸೇರಿಸಿದ್ದರು. ಮನೆಯವರ ಕಿವಿಯಲ್ಲಿ ಅದು ನಿಲ್ಲಲಿಲ್ಲ, ಸಂಖ್ಯೆ ಮಾತ್ರ ನಿಂತಿತು. ಹಾಗಾದರೆ 87 ಕೂಡ ನಮಗೆ ಪೂರ್ತಿ ಹೊಂದುವುದಿಲ್ಲ ಅಲ್ವಾ? ಹೊಂದುವುದಿಲ್ಲ. ಆದರೆ ಗೆರೆಯ ಆಕಾರ ಹೊಂದುತ್ತದೆ. ಮೊದಲು ಜೋರಾದ ಇಳಿತ, ಆಮೇಲೆ ನಿಧಾನ. ನಮ್ಮ ಚರ್ಮದವರ, ನಮ್ಮ ಅಂಗಾಲಿನವರ ಲೆಕ್ಕವನ್ನು ನಮ್ಮ ದೇಶದ ಆಸ್ಪತ್ರೆಗಳೇ ಸೇರಿ ಇಡಬೇಕು. ಕಾಯಿಲೆ ಅಪರೂಪದ್ದು ಅನ್ನುವುದು ಇದಕ್ಕೆ ನೆಪ ಆಗಬಾರದು. ಅಪರೂಪದ್ದಾದರೆ ಒಬ್ಬೊಬ್ಬರ ವಿವರಕ್ಕೂ ಬೆಲೆ ಇನ್ನೂ ಜಾಸ್ತಿ.

ನಾಲ್ಕನೇ ಹಂತದ ಮಾತು ಬೇರೆಯೇ. ಕಾಯಿಲೆ ಮೈಯೆಲ್ಲ ಹರಡಿದ ಮೇಲೆ ಹಿಂದೆಲ್ಲ ಅರ್ಧದಷ್ಟು ಜನ ವರ್ಷ ಪೂರ್ತಿಯಾಗುವ ಮೊದಲೇ ಹೋಗುತ್ತಿದ್ದರು. 2011ರಲ್ಲಿ ಇಪಿಲಿಮುಮ್ಯಾಬ್ ಬಂತು, 2014ರಲ್ಲಿ ನಿವೋಲುಮ್ಯಾಬ್ ಮತ್ತು ಪೆಂಬ್ರೋಲಿಜುಮ್ಯಾಬ್. ಮೈಯ ರಕ್ಷಣಾ ಕೋಶಗಳಿಗೆ ಹಾಕಿದ ಬ್ರೇಕನ್ನು ತೆಗೆಯುವ ಔಷಧಗಳು ಇವು. ಇದರ ಹಿಂದಿನ ಸಂಶೋಧನೆಗೆ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೂ 2018ರ ನೊಬೆಲ್ ಬಂತು. ನಮ್ಮ ಮನೆಗೆ 69 ಬಂದ ವರ್ಷವೇ. ಇಪಿಲಿಮುಮ್ಯಾಬ್, ನಿವೋಲುಮ್ಯಾಬ್ ಎರಡನ್ನೂ ಸೇರಿಸಿ ಕೊಟ್ಟ ಚೆಕ್‌ಮೇಟ್ 067 ಅನ್ನುವ ಪರೀಕ್ಷೆಯ ಹತ್ತು ವರ್ಷದ ಫಲಿತಾಂಶ 2024ರಲ್ಲಿ ಹೊರಬಂತು. ಐದು ವರ್ಷಕ್ಕೆ 52 ಇದ್ದದ್ದು ಹತ್ತು ವರ್ಷಕ್ಕೆ 43. ಭಾಗಿಸಿದರೆ 83. ಅದರಲ್ಲೂ ಮೂರು ವರ್ಷದವರೆಗೆ ಕಾಯಿಲೆ ಮುಂದುವರಿಯದೆ ಉಳಿದವರನ್ನು ಮಾತ್ರ ತೆಗೆದುಕೊಂಡರೆ, ನೂರಕ್ಕೆ 96 ಮಂದಿ ಹತ್ತನೇ ವರ್ಷದಲ್ಲೂ ಮೆಲನೋಮದಿಂದ ಸತ್ತಿರಲಿಲ್ಲ. ನಾಲ್ಕನೇ ಹಂತದಲ್ಲಿ! ಅಂಗಾಲಿನ ಮೆಲನೋಮಕ್ಕೆ ಈ ಔಷಧಗಳು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಬೆಲೆಯೂ ಎಲ್ಲರ ಕೈಗೆ ಎಟಕುವುದಿಲ್ಲ. ಎರಡೂ ನಿಜ. ಆದರೂ ಈ 96 ಅನ್ನು ನಾನು ಓದಿದ ರಾತ್ರಿ ನಿದ್ದೆ ಬರಲಿಲ್ಲ, ಸಂತೋಷಕ್ಕೆ.

ಸೊನ್ನೆ ಆಗುವುದಿಲ್ಲ

ಐದು ವರ್ಷ ಆದರೆ ಮುಗಿಯಿತು, ಗುಣ ಆಯಿತು ಅಂತ ಕೆಲವರು ಹೇಳುತ್ತಾರೆ. ಬೇರೆ ಕೆಲವು ಕ್ಯಾನ್ಸರಿಗೆ ಆ ಮಾತು ಒಪ್ಪುತ್ತದೆ. ಮೆಲನೋಮಕ್ಕೆ ಪೂರ್ತಿ ಒಪ್ಪುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ, ಅದಕ್ಕಿಂತ ತಡವಾಗಿಯೂ ಅಪರೂಪಕ್ಕೆ ಕೆಲವರಿಗೆ ಮರುಕಳಿಸುತ್ತದೆ. ಎಲ್ಲೋ ಕೆಲವು ಕೋಶಗಳು ಬೆಳೆಯದೆ, ಸಾಯದೆ ಅಷ್ಟು ವರ್ಷ ಮಲಗಿರುತ್ತವೆ. ಯಾಕೆ ಎದ್ದವು ಅಂತ ಗೊತ್ತಾಗುವುದಿಲ್ಲ. ಜೊತೆಗೆ ಒಮ್ಮೆ ಮೆಲನೋಮ ಬಂದವರಿಗೆ ಬೇರೆ ಕಡೆ ಹೊಸದಾಗಿ ಬರುವ ಸಾಧ್ಯತೆಯೂ ಉಳಿದವರಿಗಿಂತ ಜಾಸ್ತಿ. ಹಾಗಾಗಿ ಮೊದಲ ವರ್ಷಗಳಲ್ಲಿ ಮೂರು ತಿಂಗಳಿಗೋ ಆರು ತಿಂಗಳಿಗೋ ಇದ್ದ ತಪಾಸಣೆ ಆಮೇಲೆ ವರ್ಷಕ್ಕೊಮ್ಮೆ ಆಗುತ್ತದೆ, ನಿಲ್ಲುವುದಿಲ್ಲ. ಸ್ಕ್ಯಾನ್ ಬಿಟ್ಟರೂ ಚರ್ಮ ನೋಡಿಸುವುದನ್ನು ಬಿಡುವ ಹಾಗಿಲ್ಲ.

ಇದನ್ನು ಹೇಳಿದರೆ ಅಣ್ಣ ಹೇಳುವುದು, "ನೋಡು, ಮತ್ತೆ ನಾನು ಹೇಳಿದ್ದೇ ಅಲ್ವಾ?" ಅಲ್ಲ. ಅಪಾಯ ಸೊನ್ನೆ ಆಗಿಲ್ಲ ಅನ್ನುವುದಕ್ಕೂ, ಅಪಾಯ 2018ರಲ್ಲಿ ಇದ್ದಷ್ಟೇ ಇದೆ ಅನ್ನುವುದಕ್ಕೂ ಬಹಳ ಅಂತರ. ಮುಂದಿನ ಐದು ವರ್ಷಕ್ಕೆ ನೂರರಲ್ಲಿ 13 ಅಂದರೆ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ 31 ಅಲ್ಲ. ಅಪ್ಪಚ್ಚಿಗೆ ಈಗ 65. ಈ ಪ್ರಾಯದವರಿಗೆ ಸಕ್ಕರೆ ಕಾಯಿಲೆ, ಹೃದಯ, ಮಳೆಗಾಲದಲ್ಲಿ ಪಾಚಿಯ ಮೇಲೆ ಜಾರಿ ಬೀಳುವುದು, ಎಲ್ಲದರ ಅಪಾಯವೂ ಇದ್ದೇ ಇದೆ. ಅವರ ಪ್ರಾಯದ ಪಕ್ಕದ ಮನೆಯವರು ಹೊಸ ತೋಟ ಹಾಕಿದರೆ ಯಾರೂ ಮಾತನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ. ವರ್ಷ ಹೋದ ಹಾಗೆ ಅಪ್ಪಚ್ಚಿಯ ಮೆಲನೋಮ ಅವರಿಗಿರುವ ಹಲವು ಅಪಾಯಗಳಲ್ಲಿ ಒಂದಾಗುತ್ತಾ ಬಂದಿದೆ. ಮೊದಲು ಅದೊಂದೇ ಇತ್ತು.

ಮನೆಯಲ್ಲಿ ಇಂಥ ಕಾಯಿಲೆ ಇರುವವರು ಡಾಕ್ಟರ ಹತ್ತಿರ ಹೋದಾಗ ಒಂದು ಪ್ರಶ್ನೆ ಕೇಳಿ ಅಂತ ಬೇಡಿಕೊಳ್ಳುತ್ತೇನೆ. ಇಷ್ಟು ವರ್ಷ ಆಯಿತು, ಇವತ್ತಿನಿಂದ ಲೆಕ್ಕ ಹಾಕಿದರೆ ಹೇಗೆ? ಡಾಕ್ಟರಿಗೆ ಸಮಯ ಇಲ್ಲದಿದ್ದರೆ ಐದು ವರ್ಷದ, ಹತ್ತು ವರ್ಷದ ಸಂಖ್ಯೆ ಎರಡನ್ನೂ ಕೇಳಿ ಬರೆದುಕೊಳ್ಳಿ. ದೊಡ್ಡ ವರ್ಷದ್ದನ್ನು ಸಣ್ಣ ವರ್ಷದ್ದರಿಂದ ಭಾಗಿಸಿದರೆ ಆಯಿತು, ಎಂಟನೇ ಕ್ಲಾಸಿನ ಮಗು ಮಾಡಿಕೊಡುತ್ತದೆ. ಮರುಕಳಿಸಿದೆಯೋ ಇಲ್ಲವೋ, ಎಲ್ಲಿ ಬಂದದ್ದು, ಪ್ರಾಯ ಎಷ್ಟು ಅನ್ನುವುದನ್ನು ನೋಡಿ ಆ ಉತ್ತರವನ್ನು ಹೆಚ್ಚು ಕಡಿಮೆ ಮಾಡಿಕೊಡಿ ಅಂತ ಡಾಕ್ಟರಿಗೇ ಹೇಳಿ. ಫಾಲೋಅಪ್ ಚೀಟಿಯಲ್ಲಿ ಸ್ಟೇಜಿನ ಕೆಳಗೆ ಈ ಒಂದು ಸಾಲನ್ನೂ ಬರೆಯುವ ಪದ್ಧತಿ ಆಸ್ಪತ್ರೆಗಳಲ್ಲಿ ಬಂದರೆ ಎಷ್ಟು ಮನೆಗಳ ಮಾತು ಬದಲಾದೀತು ಅಂತ ಯೋಚಿಸುತ್ತೇನೆ. ಮದುವೆ, ಸಾಲ, ಮನೆ ಕಟ್ಟುವುದು, ತೋಟ, ಎಲ್ಲ ತೀರ್ಮಾನಗಳೂ ಒಂದು ಸಂಖ್ಯೆಯ ಮೇಲೆ ನಿಂತಿರುವಾಗ ಅದು ಇವತ್ತಿನದ್ದಾಗಿರಬೇಡವೇ?

ಗದ್ದೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ನೀರಿನ ಪ್ರಶ್ನೆ ಇದೆ, ಹಳೆಯ ಕೆರೆ ಹೂಳು ತುಂಬಿದೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಅಣ್ಣನೂ ಅಪ್ಪಚ್ಚಿಯೂ ಈಗ ಅದರ ಬಗ್ಗೆಯೇ ಜಗಳ ಆಡುತ್ತಿದ್ದಾರೆ. ಈ ಜಗಳ ನನಗೆ ಇಷ್ಟ. ಕೆರೆಯ ಹೂಳಿಗೆ ಜಗಳ ಆಡಲಿ. ಡಿಸೆಂಬರಿನ ತಪಾಸಣೆಗೆ ಈ ಸಲ ಅಣ್ಣನನ್ನು ಹೊರಗೆ ಕಾರಿನಲ್ಲಿ ಕೂರಲಿಕ್ಕೆ ಬಿಡುವುದಿಲ್ಲ, ಡಾಕ್ಟರ ರೂಮಿನೊಳಗೆ ಕರೆದುಕೊಂಡು ಹೋಗುತ್ತೇನೆ. ಏಳು ವರ್ಷ ಆದವರಿಗೆ ಎಷ್ಟು ಅಂತ ಅವನೇ ಕೇಳಲಿ.